ಸೆಳೆತಕ್ಕೂ ಒಂದು ಚರಿತ್ರೆ ಇದೆ

ನಮ್ಮ ಕುಂಚಾವರಂ ಕಡೆ ಮೈಯಲ್ಲಿ ಯಾವುದಾದರೂ ನರ ತನ್ನಷ್ಟಕ್ಕೆ ತಾನು ಅಲುಗಿದರೆ ಸಾಕು, ಜನ ಅದಕ್ಕೊಂದು ಅರ್ಥ ಹುಡುಕುತ್ತಾರೆ. ಕಣ್ಣು ಹಾರಿದರೆ ಶಕುನ. ಮೀನಖಂಡ ಹಿಡಿದರೆ ಥಂಡಿ. ಬೆರಳು ಜುಮ್ ಅಂದರೆ ಅಶಕ್ತಿ. ಇವು ಮೂರೂ ಕೀಮೋ ತಗೊಳ್ಳೋ ಮನುಷ್ಯನಿಗೆ ಒಟ್ಟಿಗೇ ಬಂದರೆ ಮಾತ್ರ ಅರ್ಥ ಒಂದೇ: “ಬ್ಯಾನಿ ನರಕ್ಕ ಹಬ್ಬ್ಯದ, ಇನ್ನೇನ್ ಉಳಿದದ?” ಹೀಗೆ ತಿಳಕೊಂಡು ಚಿಕಿತ್ಸೆಯನ್ನ ಅರ್ಧಕ್ಕೇ ಬಿಟ್ಟವರನ್ನು ನಮ್ಮೂರಲ್ಲೂ, ಸುತ್ತಲಿನ ತಾಂಡಾಗಳಲ್ಲೂ ಕಂಡಿದ್ದೇನೆ. ಡಾಕ್ಟರ್ ಮುಂದೆ ಹೇಳಿದರೆ ಸೂಜಿ ನಿಲ್ಲಿಸಿಬಿಡ್ತಾರೆ ಅಂತ ಬಾಯಿ ಮುಚ್ಚಿಕೊಂಡು ಸಹಿಸಿದವರನ್ನೂ ಕಂಡಿದ್ದೇನೆ. ಎರಡೂ ಕೇಡೇ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ರಿಟೈರ್ ಆದವನು. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ, ಆಮೇಲೆ ಕೀಮೋ ತಗೊಂಡವನೂ ಹೌದು. ಸೆಳೆತ ಹಿಡಿದ ರಾತ್ರಿ ನಿದ್ದೆ ಬರೋದಿಲ್ಲ. ನಿದ್ದೆ ಬಾರದ ಮಾಸ್ತರ ಏನು ಮಾಡ್ತಾನೆ? ಓದ್ತಾನೆ. ಹಾಗೆ ಓದಿದ್ದನ್ನೇ ಇಲ್ಲಿ ಒಂದು ಸಾಲಿಗೆ ತಂದು ಹೇಳುತ್ತೇನೆ.

ಮೊದಲು ಊರಿನ ಮಾತು. ಕುಂಚಾವರಂ ಅಂದರೆ ಚಿಂಚೋಳಿ ತಾಲೂಕಿನ ಕಾಡಿನ ಅಂಚು. ಆಚೆ ತೆಲಂಗಾಣ. ಸಂತೆಯಲ್ಲಿ ಕನ್ನಡ, ತೆಲುಗು, ಲಂಬಾಣಿ, ಉರ್ದು ನಾಲ್ಕೂ ನಡೀತಾವೆ. ದೊಡ್ಡ ಬ್ಯಾನಿ ಬಂದರೆ ನಮ್ಮ ಜನ ಹೆಚ್ಚಾಗಿ ನೋಡೋದು ಹೈದರಾಬಾದಿನ ಕಡೆಗೇ. ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ, ಹೈದರಾಬಾದಿಗೆ ಮುಂಜಾನೆ ಬಸ್ ಹತ್ತಿದರೆ ಸಂಜೆಗೆ ತಿರುಗಿ ಬರಬಹುದು. ಇದಕ್ಕೆ ದೂರ ಒಂದೇ ಕಾರಣ ಅಲ್ಲ, ಇತಿಹಾಸವೂ ಕಾರಣ. ಹೈದರಾಬಾದಿನ ರೆಡ್ ಹಿಲ್ಸ್‌ನಲ್ಲಿರುವ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದು 1955ರಲ್ಲಿ. ಎಂ.ಎನ್.ಜೆ. ಅಂದರೆ ಮೆಹದಿ ನವಾಜ್ ಜಂಗ್. ಹೈದರಾಬಾದ್ ರಾಜ್ಯದಲ್ಲಿ ಮಂತ್ರಿಯಾಗಿದ್ದರು, 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದರು. ಆ ಆಸ್ಪತ್ರೆ ಶುರುವಾದಾಗ ನಮ್ಮ ಚಿಂಚೋಳಿಯೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು, ಆಸ್ಪತ್ರೆ ಆಂಧ್ರಕ್ಕೆ ಹೋಯಿತು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಶುರುವಾದದ್ದು 1973ರಲ್ಲಿ. ಆಮೇಲೆ ಕಲಬುರಗಿಯಲ್ಲೂ ಅದರ ಕೇಂದ್ರ ಬಂತು. ಆದರೂ ಹಳೇ ದಾರಿ ಕಾಲಿಗೆ ರೂಢಿಯಾಗಿರುತ್ತದೆ ನೋಡ್ರಿ.

ಈಗ ಸೆಳೆತದ ವಿಷಯಕ್ಕೆ ಬರೋಣ. ಸ್ನಾಯು ಯಾಕೆ ಅದುರುತ್ತದೆ ಅನ್ನೋ ಪ್ರಶ್ನೆಗೆ ಉತ್ತರ ಹುಡುಕಲು ನೂರಾರು ಕಪ್ಪೆಗಳು ಜೀವ ಕೊಟ್ಟಿವೆ. ಇಟಲಿಯ ಬೊಲೊನ್ಯಾ ಊರಿನ ಲುಯಿಜಿ ಗಾಲ್ವಾನಿ ಸತ್ತ ಕಪ್ಪೆಯ ಕಾಲಿನ ನರಕ್ಕೆ ಲೋಹ ತಾಗಿಸಿದಾಗ ಕಾಲು ಎಗರಿತು. 1791ರಲ್ಲಿ ಅದನ್ನು ಪ್ರಕಟಿಸಿದ. ನರದಲ್ಲಿ ಹರಿಯೋದು ಒಂದು ಥರದ ವಿದ್ಯುತ್ತು ಅನ್ನೋ ತಿಳಿವಳಿಕೆ ಅಲ್ಲಿಂದ ಬೆಳೆಯಿತು. 1883ರಲ್ಲಿ ಲಂಡನ್ನಿನ ಡಾಕ್ಟರ್ ಸಿಡ್ನಿ ರಿಂಗರ್‌ಗೆ ಇನ್ನೊಂದು ಗುಟ್ಟು ಸಿಕ್ಕಿತು. ಉಪ್ಪುನೀರಿನಲ್ಲಿ ಇಟ್ಟ ಕಪ್ಪೆಯ ಹೃದಯ ತಾಸುಗಟ್ಟಲೆ ಬಡಿಯುತ್ತಿತ್ತು. ವಿಚಾರಿಸಿದರೆ ಆ ಉಪ್ಪುನೀರನ್ನು ಸಹಾಯಕ ಶುದ್ಧ ನೀರಿನಲ್ಲಿ ಮಾಡಿರಲಿಲ್ಲ, ನಲ್ಲಿಯ ನೀರಿನಲ್ಲಿ ಮಾಡಿದ್ದ. ಶುದ್ಧ ನೀರು ಬಳಸಿದರೆ ಬಡಿತ ನಿಲ್ಲುತ್ತಿತ್ತು. ನಲ್ಲಿಯ ನೀರಿನಲ್ಲಿದ್ದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸ್ನಾಯುವಿಗೆ ಬೇಕೇ ಬೇಕು ಅಂತ ಗೊತ್ತಾದದ್ದು ಹೀಗೆ. 1909ರಲ್ಲಿ ಅಮೆರಿಕದಲ್ಲಿ ಮ್ಯಾಕಲಮ್ ಮತ್ತು ಫೋಗ್ಟ್ಲಿನ್ ಅನ್ನೋ ಇಬ್ಬರು, ಪ್ಯಾರಾಥೈರಾಯ್ಡ್ ಗ್ರಂಥಿ ತೆಗೆದ ನಾಯಿಗಳಿಗೆ ಬರುವ ಭಯಂಕರ ಸೆಳೆತ ಕ್ಯಾಲ್ಸಿಯಂ ಕೊಟ್ಟರೆ ನಿಲ್ಲುತ್ತದೆ ಅಂತ ತೋರಿಸಿದರು. ರಕ್ತದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಏರುಪೇರಾದರೆ ನರ ಸುಮ್ಮನೆ ಇರೋದಿಲ್ಲ. ಇವತ್ತು ಸೆಳೆತ ಅಂತ ಹೇಳಿದ ಕೂಡಲೇ ಡಾಕ್ಟರು ರಕ್ತ ಪರೀಕ್ಷೆ ಬರೆಯೋದರ ಹಿಂದೆ ಈ ಕಪ್ಪೆ, ಈ ನಾಯಿ ಎರಡೂ ಇವೆ.

ಮುಂದಿನ ಹೆಸರು ನಮ್ಮ ಗಡಿಯ ತೆಲುಗು ಮಂದಿಗೆ ಹೆಮ್ಮೆಯದು. ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದವರು. ಸ್ಪ್ರೂ ಅನ್ನೋ ಹೊಟ್ಟೆಯ ರೋಗಕ್ಕೆ ಅಣ್ಣತಮ್ಮಂದಿರನ್ನು ಕಳಕೊಂಡವರು. 1923ರಲ್ಲಿ ಬಾಸ್ಟನ್‌ಗೆ ಹೋಗಿ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಸ್ನಾಯುವಿನ ರಸಾಯನ ಹಿಡಿದು ಕೂತರು. ಸ್ನಾಯು ಶಕ್ತಿಯನ್ನು ಕೂಡಿಡುವ ಫಾಸ್ಫೋಕ್ರಿಯಾಟಿನ್ ಅನ್ನು 1927ರಲ್ಲಿ, ಆ ಶಕ್ತಿಯ ಚಿಲ್ಲರೆ ನಾಣ್ಯ ಅನ್ನಬಹುದಾದ ಎ.ಟಿ.ಪಿ.ಯನ್ನು 1929ರಲ್ಲಿ ಇವರಿಬ್ಬರೂ ತೋರಿಸಿಕೊಟ್ಟರು. ಎ.ಟಿ.ಪಿ.ಯನ್ನು ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಬೇರೆಯಾಗಿ ಕಂಡುಹಿಡಿದಿದ್ದ.

ಇಲ್ಲಿ ಒಂದು ಮಾತು ನಿಂತು ಹೇಳಬೇಕು. ಮುಷ್ಟಿ ಬಿಗಿಯೋಕೆ ಶಕ್ತಿ ಬೇಕು, ಸಡಿಲ ಬಿಡೋಕೆ ಏನೂ ಬೇಡ ಅಂತ ನಾವು ತಿಳಿದಿರುತ್ತೇವೆ. ಹಾಗಲ್ಲ. ಬಿಗಿದ ಸ್ನಾಯು ಸಡಿಲಾಗಲಿಕ್ಕೂ ಎ.ಟಿ.ಪಿ. ಬೇಕು. ಹೆಣ ಸೆಟೆದುಕೊಳ್ಳೋದು ಅದಕ್ಕೇ, ಸಡಿಲ ಬಿಡಲು ಅಲ್ಲಿ ಶಕ್ತಿ ಉಳಿದಿರೋದಿಲ್ಲ. ಹಾಗಾಗಿ ಮೀನಖಂಡ ಹಿಡಿದುಕೊಂಡಾಗ “ಮನಸ್ಸು ಗಟ್ಟಿ ಮಾಡು, ಕಾಲು ಸಡಿಲ ಬಿಡು” ಅಂತ ಹೇಳಿದರೆ ಆಗೋದಿಲ್ಲ. ಅದು ಮನಸ್ಸಿನ ಕೆಲಸವೇ ಅಲ್ಲ.

ಇದೇ ಸುಬ್ಬರಾವ್ 1940ರಲ್ಲಿ ಲೆಡರ್ಲೆ ಅನ್ನೋ ಔಷಧಿ ಕಂಪನಿ ಸೇರಿದರು. ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನೂ, ಆಮೇಲೆ ಅದಕ್ಕೆ ಎದುರಾಗಿ ಕೆಲಸ ಮಾಡುವ ಅಮಿನೊಪ್ಟೆರಿನ್ ಅನ್ನೋ ವಸ್ತುವನ್ನೂ ತಯಾರಿಸಿತು. ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ 1947ರ ಕೊನೆಗೆ ಅದನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟರು. 16 ಮಕ್ಕಳಲ್ಲಿ 10 ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡರು ಅನ್ನೋ ವರದಿ 1948ರ ಜೂನ್‌ನಲ್ಲಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಮರು ತಿಂಗಳು, ಸೆಪ್ಟೆಂಬರ್ 17ಕ್ಕೆ, ನಮ್ಮ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಸ್ನಾಯುವಿನ ಶಕ್ತಿಯ ಲೆಕ್ಕ ಬಿಡಿಸಿದವನೂ ಕೀಮೋದ ಬಾಗಿಲು ತೆರೆದವರಲ್ಲಿ ಒಬ್ಬನೂ ಒಬ್ಬನೇ ಮನುಷ್ಯ ಅನ್ನೋದು ನನಗೆ ಇವತ್ತಿಗೂ ಸೋಜಿಗ.

ಕೀಮೋದ ಚರಿತ್ರೆ ಯುದ್ಧದ ಗ್ಯಾಸಿನಿಂದ ಶುರು ಆಗ್ತದೆ ಅಂತ ಎಲ್ಲ ಪುಸ್ತಕದಲ್ಲೂ ಇದೆ. 1917ರ ಸಾಸಿವೆ ಅನಿಲ, 1942ರಲ್ಲಿ ಯೇಲ್‌ನಲ್ಲಿ ಅದರ ತಮ್ಮನಂಥ ನೈಟ್ರೋಜನ್ ಮಸ್ಟರ್ಡ್ ಅನ್ನು ರೋಗಿಗೆ ಕೊಟ್ಟದ್ದು, ಇತ್ಯಾದಿ. ಅದನ್ನು ಬಿಡೋಣ. ಸೆಳೆತಕ್ಕೆ ಸಂಬಂಧಪಟ್ಟವು ಮುಖ್ಯವಾಗಿ ಎರಡು: ಒಂದು ಹೂವು, ಒಂದು ಲೋಹ.

ಹೂವು ನಿಮ್ಮ ಅಂಗಳದಲ್ಲೇ ಇರಬಹುದು. ನಾವು ಸದಾಪುಷ್ಪ, ನಿತ್ಯಪುಷ್ಪ ಅಂತೀವಿ. ಮರಾಠಿಯವರು ಸದಾಫುಲಿ, ತೆಲುಗಿನವರು ಬಿಳ್ಳಗನ್ನೇರು ಅಂತಾರೆ. ಮಡಗಾಸ್ಕರ್ ಮೂಲದ ಗಿಡ, ನೀರು ಹಾಕದಿದ್ದರೂ ಹೂ ಬಿಡ್ತದೆ, ದನ ಮುಟ್ಟೋದಿಲ್ಲ. ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ಜಮೈಕಾದಲ್ಲಿ ಇದರ ಕಷಾಯ ಕುಡೀತಿದ್ದರು. 1952ರಲ್ಲಿ ಅಲ್ಲಿಂದ ಒಂದು ಲಕೋಟೆ ತುಂಬ ಎಲೆ ಕೆನಡಾಕ್ಕೆ ಬಂತು. ರಾಬರ್ಟ್ ನೋಬಲ್ ಅನ್ನೋ ವಿಜ್ಞಾನಿ ಅದರ ಸಾರವನ್ನು ಇಲಿಗಳಿಗೆ ಕೊಟ್ಟು ನೋಡಿದ. ಸಕ್ಕರೆ ಇಳಿಯಲಿಲ್ಲ. ಆದರೆ ಇಲಿಗಳು ಸೋಂಕು ಹತ್ತಿ ಸತ್ತವು. ಯಾಕೆ ಅಂತ ನೋಡಿದರೆ ಬಿಳಿ ರಕ್ತಕಣ ಪೂರಾ ಇಳಿದಿದ್ದವು. ಬಿಳಿ ಕಣ ಇಳಿಸೋ ವಸ್ತು ರಕ್ತದ ಕ್ಯಾನ್ಸರಿಗೆ ಬಂದೀತಲ್ಲ ಅನ್ನೋ ವಿಚಾರ ಹೊಳೆಯಿತು. ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಇಬ್ಬರೂ ವಿನ್‌ಬ್ಲಾಸ್ಟಿನ್ ತೆಗೆದರು. ಅಮೆರಿಕದ ಎಲಿ ಲಿಲ್ಲಿ ಕಂಪನಿಯಲ್ಲಿ ಇದೇ ಗಿಡದಿಂದ ವಿನ್‌ಕ್ರಿಸ್ಟಿನ್ ಸಿಕ್ಕಿತು. 1963ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಬಂತು.

ವಿನ್‌ಕ್ರಿಸ್ಟಿನ್ ಜೀವಕೋಶದೊಳಗಿನ ಸಣ್ಣ ಸಣ್ಣ ನಾಳಗಳನ್ನು ಮುರಿಯುತ್ತದೆ. ಕ್ಯಾನ್ಸರ್ ಕೋಶ ಇಬ್ಭಾಗ ಆಗಲಿಕ್ಕೆ ಆ ನಾಳ ಬೇಕು. ದುರ್ದೈವ ಅಂದರೆ, ನರಕ್ಕೂ ಅದೇ ನಾಳ ಬೇಕು, ತುದಿಯ ತನಕ ಸರಕು ಸಾಗಿಸಲಿಕ್ಕೆ. ಸೊಂಟದಿಂದ ಪಾದಕ್ಕೆ ಹೋಗೋ ನರದ ಎಳೆ ಸುಮಾರು ಒಂದು ಮೀಟರ್ ಉದ್ದ. ಉದ್ದನೆಯ ದಾರಿಯಲ್ಲಿ ಸಾಗಾಟ ಕೆಟ್ಟರೆ ಮೊದಲು ಉಪವಾಸ ಬೀಳೋದು ಕೊನೇ ಊರು. ಅದಕ್ಕೇ ಜೋಮು, ಉರಿ, ಸೆಳೆತ ಪಾದ ಮತ್ತು ಮೀನಖಂಡದಿಂದ ಶುರುವಾಗುತ್ತವೆ. ಇದು ರೋಗ ಹಬ್ಬಿದ ಗುರುತಲ್ಲ, ಔಷಧಿ ತಾಗಿದ ಗುರುತು.

ಇನ್ನು ಲೋಹ. ಪ್ಲಾಟಿನಂ. 1845ರಲ್ಲಿ ಇಟಲಿಯ ಮಿಕೇಲೆ ಪೆರೋನೆ ಒಂದು ಹಳದಿ ಲವಣ ಮಾಡಿ ಇಟ್ಟಿದ್ದ. ನೂರಾ ಇಪ್ಪತ್ತು ವರ್ಷ ಅದನ್ನ ಔಷಧಿ ಅಂತ ಯಾರೂ ಕೇಳಲಿಲ್ಲ. ಅಮೆರಿಕದ ಮಿಶಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾದ ಮೇಲೆ ವಿದ್ಯುತ್ತಿನ ಪರಿಣಾಮ ನೋಡಬೇಕು ಅಂತ ಪ್ಲಾಟಿನಂ ತಂತಿ ಇಟ್ಟು ಕರೆಂಟ್ ಬಿಟ್ಟ. ಬ್ಯಾಕ್ಟೀರಿಯಾ ಇಬ್ಭಾಗ ಆಗೋದನ್ನು ಬಿಟ್ಟು ಶಾವಿಗೆ ಎಳೆಯ ಹಾಗೆ ಉದ್ದಕ್ಕೆ ಬೆಳೆದವು. ಕಾರಣ ವಿದ್ಯುತ್ತಲ್ಲ, ತಂತಿಯಿಂದ ಕರಗಿ ಬಂದ ಪ್ಲಾಟಿನಂ. 1965ರಲ್ಲಿ ಇದು ಅಚ್ಚಾಯಿತು, 1978ರಲ್ಲಿ ಸಿಸ್‌ಪ್ಲಾಟಿನ್ ಔಷಧಿಯಾಯಿತು. ಮರುವರ್ಷವೇ, 1979ರಲ್ಲಿ, ಶಿಲ್ಸ್ಕಿ ಮತ್ತು ಆಂಡರ್ಸನ್ ಅನ್ನೋ ವೈದ್ಯರು ಇನ್ನೊಂದು ಸುದ್ದಿ ಕೊಟ್ಟರು: ಈ ಔಷಧಿ ತಗೊಂಡವರ ಮೂತ್ರಪಿಂಡ ಮೆಗ್ನೀಸಿಯಂ ಅನ್ನು ಹಿಡಿದಿಟ್ಟುಕೊಳ್ಳದೆ ಹೊರಗೆ ಬಿಡುತ್ತದೆ. ಮೆಗ್ನೀಸಿಯಂ ಇಳಿದರೆ ಅದುರು, ಸೆಳೆತ, ತೀರಾ ಇಳಿದರೆ ಫಿಟ್ಸ್ ಕೂಡ. ಸಿಸ್‌ಪ್ಲಾಟಿನ್ ಕೊಡೋ ದಿನ ಸಲೈನ್ ಬಾಟ್ಲಿಗೆ ಮೆಗ್ನೀಸಿಯಂ ಸೇರಿಸೋದು ಈ ತಿಳಿವಳಿಕೆಯ ಫಲ.

ನನಗೆ ಕೊಟ್ಟದ್ದು ಅದರ ಬಳಗದ ಆಕ್ಸಲಿಪ್ಲಾಟಿನ್. ಜಪಾನಿನ ನಗೋಯಾದಲ್ಲಿ ಯೋಶಿನೋರಿ ಕಿದಾನಿ 1976ರಲ್ಲಿ ತಯಾರಿಸಿದ್ದು, 1996ರಲ್ಲಿ ಫ್ರಾನ್ಸ್‌ನಲ್ಲಿ ಮೊದಲು ಅನುಮತಿ ಸಿಕ್ಕಿದ್ದು. ಇದಕ್ಕೆ ಥಂಡಿಯ ಜೊತೆ ಹಗೆ. ನರದ ಬಾಗಿಲು ಅನ್ನಬಹುದಾದ ಸೋಡಿಯಂ ದ್ವಾರಗಳು ಮುಚ್ಚಬೇಕಾದಾಗ ಮುಚ್ಚೋದಿಲ್ಲ. ತಣ್ಣಗಿದ್ದರೆ ಇನ್ನೂ ಹೆಚ್ಚು. ಆಗ ನರ ಒಂದು ಸಲ ಕೂಗೋ ಕಡೆ ಹತ್ತು ಸಲ ಕೂಗ್ತದೆ, ಸ್ನಾಯು ಅದುರ್ತದೆ.

ನನ್ನ ಮೂರನೇ ಸೂಜಿಯ ಹೊತ್ತಿಗೆ ಎಳ್ಳಮಾವಾಸ್ಯೆ ಬಂತು. ಹೊಲಕ್ಕೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೋಗಿದ್ದೆವು. ಸಜ್ಜೆ ಕಡುಬು, ಭಜ್ಜಿ ಪಲ್ಯ ಮುಂದಿದೆ. ಮೊದಲ ತುತ್ತಿಗೇ ದವಡೆ ಗಕ್ಕನೆ ಹಿಡಿದುಕೊಂಡಿತು. ಎರಡನೇ ತುತ್ತಿಗೆ ಸಡಿಲಾಯಿತು. ಕೊಡದ ನೀರಿಗೆ ಕೈ ಹಾಕಿದೆ, ಬೆರಳು ಕೋಳಿಕಾಲಿನ ಹಾಗೆ ಮಡಚಿಕೊಂಡವು. ನಮ್ಮಣ್ಣ ನೋಡಿ, “ಸಾಕು ಮಾಡೋ ಆ ಸೂಜಿ, ನರಾನೇ ತಿನ್ಲಾಕ್ಹತ್ಯದ” ಅಂದ. ನನ್ನ ಹೆಂಡತಿ ಏನೂ ಅನ್ನಲಿಲ್ಲ, ಹೊಲದಾಗೇ ಒಲೆ ಹೂಡಿ ಚರಿಗೆಯಲ್ಲಿ ನೀರು ಬಿಸಿ ಮಾಡಿ ತಂದಳು. ಬೆಚ್ಚಗಿನ ನೀರಲ್ಲಿ ಕೈ ಇಟ್ಟು ಐದು ನಿಮಿಷಕ್ಕೆ ಬೆರಳು ಬಿಚ್ಚಿಕೊಂಡವು.

ಮುಂದಿನ ಸಲ ದವಾಖಾನಿಯಲ್ಲಿ ಇದನ್ನೆಲ್ಲ ಹೇಳಿದೆ. ಡಾಕ್ಟರಮ್ಮ ತೆಲುಗಿನವರು. “ಗುಂಡೀಲು ಪೆಟ್ಟುಕೋಗಲರಾ?” ಅಂದರು. ಅಂಗಿಯ ಗುಂಡಿ ಹಾಕಿಕೊಳ್ಳೋಕೆ ಬರ್ತದಾ ಅಂತ. ಜೋಮು ಎಷ್ಟು ದಿನ ಇರ್ತದೆ, ಮುಂದಿನ ಸೂಜಿಯ ಒಳಗೆ ಪೂರ್ತಿ ಹೋಗ್ತದಾ, ನಡೆಯುವಾಗ ಚಪ್ಪಲಿ ಜಾರಿದ್ದು ಗೊತ್ತಾಗ್ತದಾ ಅಂತಲೂ ಕೇಳಿದರು. ಸಣ್ಣ ಪ್ರಶ್ನೆಗಳು ಅನ್ನಿಸಬಹುದು. ಔಷಧಿಯ ಪ್ರಮಾಣ ನಿಂತಿರೋದು ಈ ಉತ್ತರಗಳ ಮೇಲೇ. ಒಂಬತ್ತನೇ ಸುತ್ತಿನ ಹೊತ್ತಿಗೆ ಗುಂಡಿ ಹಾಕೋದು ಕಷ್ಟ ಆಗತೊಡಗಿತು, ಅದನ್ನೂ ಹೇಳಿದೆ. ಆಕ್ಸಲಿಪ್ಲಾಟಿನ್ ಮೊದಲು ಕಡಿಮೆ ಮಾಡಿ ಆಮೇಲೆ ನಿಲ್ಲಿಸಿದರು, ಉಳಿದ ಔಷಧಿ ಹನ್ನೆರಡನೇ ಸುತ್ತಿನ ತನಕ ನಡೆಸಿದರು.

ಸೆಳೆತಕ್ಕೆ ಮದ್ದಿನ ಚರಿತ್ರೆಯೂ ಸ್ವಾರಸ್ಯವಾಗಿದೆ. ಶಹಾಬಾದಿನ ಕಲ್ಲಿನ ಖಣಿಯಲ್ಲಿ, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಬೇಸಿಗೆಯಲ್ಲಿ ದುಡಿದವರಿಗೆ ಬೆವರು ಇಳಿದು ಕೈಕಾಲು ಹಿಡಿಯೋದು ಹೊಸದಲ್ಲ. 1923ರಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಮಾಸ್ ಅನ್ನೋ ಸಂಶೋಧಕ, ಬೆವರಿನಲ್ಲಿ ಉಪ್ಪು ಹೋಗಿ ಮೇಲೆ ಬರೀ ನೀರು ಕುಡಿದರೆ ಸೆಳೆತ ಬರ್ತದೆ, ನೀರಿಗೆ ಉಪ್ಪು ಬೆರೆಸಿದರೆ ಹೋಗ್ತದೆ ಅಂತ ತೋರಿಸಿದ್ದ. ಬಿಸಿಲಿನ ಸೆಳೆತಕ್ಕೆ ಅದು ಸರಿ. ಕೀಮೋದಲ್ಲಿ ವಾಂತಿ, ಭೇದಿ ಆಗಿ ಸೆಳೆತ ಬಂದಿದ್ದರೂ ಓ.ಆರ್.ಎಸ್. ಉಪಯೋಗ. ಆದರೆ ನರಕ್ಕೇ ಔಷಧಿ ತಾಗಿದ್ದರೆ ಉಪ್ಪು ತಿಂದು ಏನೂ ಆಗೋದಿಲ್ಲ, ಬಿ.ಪಿ. ಇದ್ದವರಿಗೆ ಕೇಡೇ ಆದೀತು.

1940ರಿಂದ ರಾತ್ರಿ ಸೆಳೆತಕ್ಕೆ ಕ್ವಿನೈನ್ ಗುಳಿಗೆ ಚಾಲ್ತಿಗೆ ಬಂತು. ಅದೇ ಮಲೇರಿಯಾದ ಗುಳಿಗೆ. ಸೆಳೆತ ಸ್ವಲ್ಪ ಕಡಿಮೆ ಆಗ್ತಿತ್ತು ಖರೆ. ಆದರೆ ಕೆಲವರಲ್ಲಿ ರಕ್ತದ ಪ್ಲೇಟ್‌ಲೆಟ್ ಕುಸಿದು, ಹೃದಯದ ಬಡಿತ ತಪ್ಪಿ ಜೀವಕ್ಕೇ ಬಂತು. ಚೀಟಿ ಇಲ್ಲದೆ ಸೆಳೆತಕ್ಕೆ ಮಾರೋದನ್ನ ಅಮೆರಿಕ 1994ರಲ್ಲಿ ನಿಲ್ಲಿಸಿತು. ಕೀಮೋದಿಂದ ಮೊದಲೇ ಪ್ಲೇಟ್‌ಲೆಟ್ ಇಳಿದವರು ಅದನ್ನು ತಾವಾಗಿ ತಗೊಳ್ಳೋದು ಬೆಂಕಿ ಜೊತೆ ಆಟ.

ಆಕ್ಸಲಿಪ್ಲಾಟಿನ್ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಲೈನ್ ಕೊಟ್ಟರೆ ನರ ಉಳೀತದೆ ಅಂತ 2004ರಲ್ಲಿ ಫ್ರೆಂಚ್ ವೈದ್ಯರು ಹೇಳಿದಾಗ ಜಗತ್ತೆಲ್ಲ ಕೊಡಲಿಕ್ಕೆ ಹತ್ತಿತು. 2014ರಲ್ಲಿ ದೊಡ್ಡ ಪರೀಕ್ಷೆ ಮಾಡಿ ನೋಡಿದರೆ ಏನೂ ಉಪಯೋಗ ಇಲ್ಲ. ನೋವಿಗೆ ಡುಲೋಕ್ಸೆಟಿನ್ ಅನ್ನೋ ಗುಳಿಗೆ ಕೆಲವರಿಗೆ ಹಿಡೀತದೆ ಅಂತ 2013ರಲ್ಲಿ ಗೊತ್ತಾಯಿತು, ಅದು ನೋವಿಗೆ, ಸೆಳೆತಕ್ಕಲ್ಲ. ನಿಜವಾದ ಬದಲಾವಣೆ ಬಂದದ್ದು ಔಷಧಿಯನ್ನು ಕಡಿಮೆ ಮಾಡಿದ್ದರಿಂದ. ಆರು ಪರೀಕ್ಷೆಗಳ 12,834 ರೋಗಿಗಳ ಲೆಕ್ಕ ಕೂಡಿಸಿ 2018ರಲ್ಲಿ ಒಂದು ವರದಿ ಬಂತು. ಮೂರನೇ ಹಂತದ ಕರುಳಿನ ಕ್ಯಾನ್ಸರಿನಲ್ಲಿ, ಅಪಾಯ ಕಡಿಮೆ ಇದ್ದ ಹಲವರಿಗೆ, ಆರು ತಿಂಗಳ ಕಡೆ ಮೂರು ತಿಂಗಳು ಕೊಟ್ಟರೂ ಫಲ ಹೆಚ್ಚುಕಡಿಮೆ ಅಷ್ಟೇ ಅಂತ. ಹೇಳಿಕೊಳ್ಳುವಷ್ಟು ನರದ ತೊಂದರೆ ಆರು ತಿಂಗಳಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ, ಮೂರು ತಿಂಗಳಲ್ಲಿ ಆರರಲ್ಲಿ ಒಬ್ಬರಿಗೆ. “ಬೆರಳು ಜೋಮು ಹಿಡೀತಾವ್ರಿ” ಅಂತ ಸಾವಿರಾರು ಜನ ಬಾಯಿ ಬಿಟ್ಟು ಹೇಳಿದ್ದಕ್ಕೆ ತಾನೆ ಯಾರೋ ಹೀಗೆ ಲೆಕ್ಕ ಹಾಕಿ ನೋಡಿದ್ದು? ಸುಮ್ಮನೆ ಸಹಿಸಿದ್ದರೆ ಇವತ್ತಿಗೂ ಎಲ್ಲರಿಗೂ ಆರು ತಿಂಗಳೇ ಇರುತ್ತಿತ್ತು.

ನಮ್ಮ ಕಡೆಯವರು ಬಂದು ಕೇಳಿದಾಗ ನಾನು ಹೇಳೋದು ಇಷ್ಟು. ಮೀನಖಂಡ ಹಿಡಿದರೆ ಕಾಲು ನೀಡಿ, ಪಾದದ ಬೆರಳನ್ನು ಮೊಣಕಾಲಿನ ಕಡೆ ಎಳೆದು ಹಿಡಿ, ಬಿಸಿ ಬಟ್ಟೆಯ ಶಾಖ ಕೊಡು. ಮಲಗೋ ಮುಂಚೆ ಇದನ್ನೇ ರೂಢಿ ಮಾಡಿಕೋ. 2012ರಲ್ಲಿ ನೆದರ್ಲೆಂಡ್ಸ್‌ನಲ್ಲಿ ರಾತ್ರಿ ಸೆಳೆತ ಬರುತ್ತಿದ್ದ 80 ವಯಸ್ಸಾದವರ ಮೇಲೆ ಆರು ವಾರ ಪರೀಕ್ಷೆ ಮಾಡಿದರು, ಹೀಗೆ ಕಾಲು ಎಳೆದವರಿಗೆ ಸೆಳೆತ ಕಡಿಮೆ ಆಗಿತ್ತು. ಅವರು ಕೀಮೋ ರೋಗಿಗಳಲ್ಲ, ಆದರೆ ಖರ್ಚಿಲ್ಲದ, ಕೇಡಿಲ್ಲದ ಮದ್ದು. ಆಕ್ಸಲಿಪ್ಲಾಟಿನ್ ಆದ ದಿನಗಳಲ್ಲಿ ಮಡಿಕೆಯ ತಣ್ಣೀರು, ಫ್ರಿಜ್, ಮುಂಜಾನೆಯ ಸ್ಟೀಲ್ ತಂಬಿಗೆ ಬೇಡ. ಕೈಚೀಲ, ಕಾಲಿಗೆ ಸಾಕ್ಸ್ ಇರಲಿ. ಪಾದಕ್ಕೆ ಜೋಮು ಇದ್ದರೆ ಬರಿಗಾಲಲ್ಲಿ ಹೊಲಕ್ಕೆ ಹೋಗಬೇಡ, ಮುಳ್ಳು ನಟ್ಟರೂ ಗೊತ್ತಾಗೋದಿಲ್ಲ. ವಾಂತಿಗೆ ಕೊಡೋ ಮೆಟೊಕ್ಲೋಪ್ರಮೈಡ್‌ನಿಂದ ಕೆಲವರಿಗೆ ಕುತ್ತಿಗೆ, ದವಡೆ ತಿರುಚಿಕೊಳ್ತದೆ. ಗಾಳಿ ಸೋಂಕು ಅಂತ ನಿಂಬೆಹಣ್ಣು ಇಳಿಸ್ತಾ ಕೂಡಬೇಡ, ಹತ್ತಿರದ ದವಾಖಾನಿಗೆ ಹೋಗು. ಒಂದು ಸೂಜಿಗೆ ಇಳಿಯುವಂಥದ್ದು. ಉಸಿರು ಹಿಡಿದರೆ, ಫಿಟ್ಸ್ ಬಂದರೆ, ಕೈಕಾಲಿನ ಬಲವೇ ಹೋದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ ತಡ ಮಾಡಬೇಡ.

ಮತ್ತೆ ಒಂದು. ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರ್ ಇರ್ತದಲ್ಲ, ಹಾಲಿನ ಲೆಕ್ಕ ಬರೀತೀವಲ್ಲ, ಅದರಲ್ಲೇ ಸೂಜಿಯ ದಿನಕ್ಕೆ ಒಂದು ಗೆರೆ ಎಳಿ. ಸೆಳೆತ ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಥಂಡಿಗೆ ಬಂತೋ ತಾನಾಗಿ ಬಂತೋ ಬರೆದಿಡು. ಬರಿಯೋಕೆ ಬಾರದಿದ್ದರೆ ಶಾಲೆಗೆ ಹೋಗೋ ಮೊಮ್ಮಗಳ ಕೈಯಲ್ಲಿ ಬರೆಸು. ಹೋಗುವಾಗ ಆ ಹಾಳೆ ಹರಕೊಂಡು ಹೋಗಿ ಡಾಕ್ಟರ್ ಮುಂದೆ ಇಡು. ನನ್ನ ಹನ್ನೆರಡು ಸುತ್ತಿನ ಹಾಳೆಗಳು ಇನ್ನೂ ಟ್ರಂಕಿನಲ್ಲಿವೆ. ಜನವರಿಯ ಹಾಳೆಯಲ್ಲಿ ನನ್ನ ಹೆಂಡತಿಯ ಅಕ್ಷರದಲ್ಲಿ ಇಷ್ಟೇ ಇದೆ: “ಗುಂಡಿ ತಾವೇ ಹಾಕಿಕೊಂಡರು.”